ಮನೆಯಲ್ಲಿ ಕಟ್ಟುತ್ತಿರುವ ವಿಮಾನಕ್ಕೆ ಸ್ಟಾರ್ಟರ್ ವೈರಿಂಗ್: ನಕ್ಷೆ ನೋಡಿ ಹೇಳಿ

ಬಳ್ಳಾರಿ ರೆಕ್ಕೆ
ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಹೊರಗಿನ ಒಂದು ಶೆಡ್‌ನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದೇವೆ. ರೆಕ್ಕೆ, ಬಾಲ ಮುಗಿದಿವೆ. ಲೈಕಮಿಂಗ್ ಓ-235 ಎಂಜಿನ್ ಕೂರಿಸಿ ಆಗಿದೆ. ಈಗ ವೈರಿಂಗ್ ಸರದಿ. ಮೊದಲು ಸ್ಟಾರ್ಟರ್ ಸರ್ಕ್ಯೂಟ್ ಮುಗಿಸೋಣ ಅಂತ ಇದ್ದೇವೆ.

ನಕ್ಷೆ ಹೀಗಿದೆ. 12 ವೋಲ್ಟ್ ಬ್ಯಾಟರಿ ಸೀಟಿನ ಹಿಂದೆ. ಮುಂದೆ ಇಟ್ಟರೆ ಮೂಗಿನ ಕಡೆ ತೂಕ ಜಾಸ್ತಿ ಆಗುತ್ತದೆ. ಅಲ್ಲಿಂದ ಸುಮಾರು 3 ಮೀಟರ್ ದಪ್ಪ ವೈರ್ ಫೈರ್‌ವಾಲ್‌ವರೆಗೆ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವೆ ಬೆಂಕಿ ತಡೆಯುವ ಗೋಡೆ) ಬರುತ್ತದೆ. ಫೈರ್‌ವಾಲ್ ಮೇಲೆ ಮಾಸ್ಟರ್ ಕಾಂಟ್ಯಾಕ್ಟರ್ (ಇಡೀ ವಿಮಾನದ ಕರೆಂಟ್ ಹಾಕಿ ತೆಗೆಯುವ, ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್), ಅದರ ಪಕ್ಕದಲ್ಲೇ ಸ್ಟಾರ್ಟರ್ ಕಾಂಟ್ಯಾಕ್ಟರ್. ಅಲ್ಲಿಂದ ಒಂದು ವೈರ್ ಸ್ಟಾರ್ಟರ್‌ಗೆ. ಸ್ಟಾರ್ಟರ್ ಹಗುರ ಮಾದರಿಯದು. ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್, ಅದರ ಮೈಮೇಲೇ ಸೊಲೆನಾಯ್ಡ್ (ಗೇರ್ ಮುಂದೆ ತಳ್ಳಿ ಮೋಟರ್‌ಗೆ ಕರೆಂಟ್ ಕೊಡುವ ಕಾಯಿಲ್ ಸ್ವಿಚ್). ದಪ್ಪ ಬೋಲ್ಟ್‌ನಿಂದ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ ತಾಮ್ರದ ಪಟ್ಟಿ ಹಾಕಿ ಬಂದಿದೆ. ಪ್ಯಾನೆಲ್‌ನಲ್ಲಿ ಒಂದು ಪುಶ್ ಬಟನ್.

ವೈರ್ 16 ಚದರ ಮಿ.ಮೀ. ಸಾಕಾ? ಅರ್ಥಿಂಗ್ ಎಲ್ಲಿಂದ ಎಲ್ಲಿಗೆ? ಇದರಲ್ಲಿ ಇನ್ನೇನು ಬಿಟ್ಟು ಹೋಗಿದೆ?

ಗಂಗಾವತಿ ಸೆಲ್ಫ್ ರಿಪೇರಿ
ನಾನು ಟ್ರ್ಯಾಕ್ಟರ್, ಹಾರ್ವೆಸ್ಟರ್ ಕಡೆಯವನು. ಆದರೆ ಸೆಲ್ಫ್ ಮೋಟರ್ (ಸ್ಟಾರ್ಟರ್) ಎಲ್ಲಿದ್ದರೂ ಸೆಲ್ಫ್ ಮೋಟರೇ.

16 ಸಣ್ಣದಾಯಿತು. ಲೆಕ್ಕ ಹಾಕಿ ನೋಡ್ರಿ. 16 ಚದರ ಮಿ.ಮೀ. ಮೆತ್ತನೆ ತಾಮ್ರದ ವೈರ್‌ಗೆ ಮೀಟರಿಗೆ ಹೆಚ್ಚುಕಡಿಮೆ 1.2 ಮಿಲಿಓಮ್ ರೆಸಿಸ್ಟೆನ್ಸ್. 25ಕ್ಕೆ 0.78. 35ಕ್ಕೆ 0.55. ಸೆಲ್ಫ್ 200 ಆಂಪ್ ಎಳೆಯಿತು ಅಂತ ಇಟ್ಟುಕೊಳ್ಳಿ. 3 ಮೀಟರಿಗೆ 16ರಲ್ಲಿ 0.73 ವೋಲ್ಟ್ ಹೋಯಿತು. 25ರಲ್ಲಿ 0.47, 35ರಲ್ಲಿ 0.33. ಇದು 20 ಡಿಗ್ರಿಯ ಲೆಕ್ಕ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ತಾಮ್ರದ ರೆಸಿಸ್ಟೆನ್ಸ್ ಇನ್ನೂ ಹತ್ತು ಪರ್ಸೆಂಟ್ ಏರುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ 10-11 ವೋಲ್ಟ್‌ಗೆ ಇಳಿದಿರುತ್ತದೆ. ಅದರಲ್ಲಿ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಬಿಟ್ಟರೆ ಹೇಗೆ?

ನನ್ನ ಕೇಳಿದರೆ 35 ಹಾಕಿ.

ವೈರ್ ತುದಿಗೆ ಹಾಕುವ ಲಗ್ ವಿಷಯ. ಕಲಾಯಿ ಮಾಡಿದ ತಾಮ್ರದ ಲಗ್ ತಗೊಳ್ಳಿ, ಹೈಡ್ರಾಲಿಕ್ ಕ್ರಿಂಪಿಂಗ್ (ಯಂತ್ರದಲ್ಲಿ ಒತ್ತಿ ಬಿಗಿಸುವುದು) ಮಾಡಿಸಿ. ಸುತ್ತಿಗೆಯಲ್ಲಿ ಚಪ್ಪಟೆ ಮಾಡೋದು ಬೇಡ, ಸೋಲ್ಡರ್ ಸುರಿಯೋದೂ ಬೇಡ. ಸೋಲ್ಡರ್ ಎಳೆಗಳ ಒಳಗೆ ಏರಿ ಗಟ್ಟಿಯಾಗುತ್ತದೆ. ಅದು ಎಲ್ಲಿ ಮುಗಿಯುತ್ತದೋ ಅಲ್ಲೇ ವೈರ್ ಅಲುಗಾಟಕ್ಕೆ ಮುರಿಯುತ್ತದೆ. ಕಾರಟಗಿ, ಸಿಂಧನೂರು ಕಡೆಯಿಂದ ಬರುವ ಹಾರ್ವೆಸ್ಟರ್‌ಗಳಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ.

ಸಿಂಧನೂರು ಎಎಂಇ
ಗಂಗಾವತಿ ಅಣ್ಣನ ಲೆಕ್ಕ ಸರಿ. ವಿಮಾನ ನಿರ್ವಹಣೆ ಎಂಜಿನಿಯರ್ (ಎಎಂಇ) ಆಗಿ ನಾನು ತೂಕದ ಮಾತು ಸೇರಿಸುತ್ತೇನೆ. 16ರಿಂದ 35ಕ್ಕೆ ಹೋದರೆ ಬರೀ ತಾಮ್ರವೇ ಮೀಟರಿಗೆ 170 ಗ್ರಾಂ ಜಾಸ್ತಿ. ಮೂರು ಮೀಟರಿಗೆ ಅರ್ಧ ಕಿಲೋ. ಬ್ಯಾಟರಿ ಮುಂದಿದ್ದರೆ 25 ಸಾಕು ಅನ್ನುತ್ತಿದ್ದೆ. ಹಿಂದೆ ಇರುವುದರಿಂದ 35ಕ್ಕೆ ನನ್ನ ಒಪ್ಪಿಗೆ ಇದೆ.

ಆದರೆ ಮನೆ ವೈರಿಂಗ್‌ನ ಪಿವಿಸಿ ವೈರ್ ಮಾತ್ರ ಬೇಡ. ಅದರ ಮಿತಿ 70 ಡಿಗ್ರಿ. ಸುಟ್ಟರೆ ಕಾಕ್‌ಪಿಟ್ ತುಂಬ ವಿಷದ ಹೊಗೆ. ಸಣ್ಣ ವೈರ್‌ಗಳಿಗೆ ಟೆಫ್ಜೆಲ್ ಹೊದಿಕೆಯದು ಬಳಸಿ, ಅದು 150 ಡಿಗ್ರಿ ತಡೆಯುತ್ತದೆ. ದಪ್ಪ ವೈರ್‌ಗೆ ಸಾಧ್ಯವಿದ್ದರೆ ಅದೇ. ಸಿಗದಿದ್ದರೆ ಒಳ್ಳೆಯ ರಬ್ಬರ್ ಹೊದಿಕೆಯ ವೆಲ್ಡಿಂಗ್ ಕೇಬಲ್ ಹಾಕಿದವರೂ ಇದ್ದಾರೆ. ಅದರ ಎಳೆ ಸಣ್ಣ, ಚೆನ್ನಾಗಿ ಬಾಗುತ್ತದೆ.

ನಕ್ಷೆಯಲ್ಲಿ ನಾನು ಮೊದಲು ಬದಲಿಸುವುದು ಮಾಸ್ಟರ್ ಕಾಂಟ್ಯಾಕ್ಟರ್ ಜಾಗ. ಬ್ಯಾಟರಿ ಹಿಂದೆ, ಕಾಂಟ್ಯಾಕ್ಟರ್ ಮುಂದೆ ಅಂದರೆ ಮಾಸ್ಟರ್ ಆಫ್ ಮಾಡಿದರೂ ನಡುವಿನ 3 ಮೀಟರ್ ವೈರ್ ಜೀವಂತವಾಗಿಯೇ ಇರುತ್ತದೆ. ಅದೂ ನಿಮ್ಮ ಸೀಟಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಹೊಲದಲ್ಲಿ ಇಳಿಯಬೇಕಾಗಿ ಬಂತು, ತಗಡು ಮಡಚಿಕೊಂಡಿತು, ಪೆಟ್ರೋಲ್ ಸೋರುತ್ತಿದೆ ಅಂದುಕೊಳ್ಳಿ. ಆಗ ನಿಮ್ಮ ಕೈಯಲ್ಲಿರುವುದು ಮಾಸ್ಟರ್ ಸ್ವಿಚ್ ಒಂದೇ. ಅದನ್ನು ಒತ್ತಿದರೆ ಇಡೀ ವಿಮಾನದ ಕರೆಂಟ್ ಸಾಯಬೇಕು. ಹಾಗಾಗಿ ಕಾಂಟ್ಯಾಕ್ಟರ್ ಬ್ಯಾಟರಿಗೆ ಒಂದು ಗೇಣಿನ ಒಳಗಿರಲಿ.

ಎರಡು ಕಾಂಟ್ಯಾಕ್ಟರ್‌ಗಳೂ ನೋಡಲು ಒಂದೇ ತರ ಇರುತ್ತವೆ. ಒಳಗೆ ಬೇರೆ. ಮಾಸ್ಟರ್‌ನದು ಗಂಟೆಗಟ್ಟಲೆ ಹಿಡಿದಿರಬೇಕು, ಅದರ ಕಾಯಿಲ್ ಸುಮಾರು 1 ಆಂಪ್ ಮಾತ್ರ ತಗೊಳ್ಳುತ್ತದೆ. ಸ್ಟಾರ್ಟರ್‌ನದು ಕೆಲವೇ ಸೆಕೆಂಡ್ ಬಿಗಿಯಾಗಿ ಹಿಡಿಯುವಂಥದ್ದು, 3-4 ಆಂಪ್ ಎಳೆಯುತ್ತದೆ. ಅದನ್ನು ಮಾಸ್ಟರ್ ಜಾಗದಲ್ಲಿ ಹಾಕಿದರೆ ಕಾಯಿಲ್ ಸುಡುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಮೀಟರ್ ಹಿಡಿದು ಕಾಯಿಲ್ ಓಮ್ಸ್ ನೋಡಿ. 16 ಓಮ್ ಆಸುಪಾಸು ಬಂದರೆ ಮಾಸ್ಟರ್‌ಗೆ, 3-4 ಓಮ್ ಬಂದರೆ ಸ್ಟಾರ್ಟರ್‌ಗೆ.

ಎರಡಕ್ಕೂ ಕಾಯಿಲ್‌ಗೆ ಅಡ್ಡಲಾಗಿ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಬೇಕು. 1ಎನ್4007 ಸಾಕು. ಗೆರೆ ಇರುವ ತುದಿ ಪಾಸಿಟಿವ್ ಕಡೆಗೆ. ಡಯೋಡ್ ಇಲ್ಲದಿದ್ದರೆ ಕಾಯಿಲ್ ಬಿಟ್ಟಾಗಲೆಲ್ಲ ನೂರಾರು ವೋಲ್ಟ್ ಹುಟ್ಟುತ್ತದೆ. ಅದು ನಿಮ್ಮ ಸ್ಟಾರ್ಟ್ ಬಟನ್‌ನ ಕಾಂಟ್ಯಾಕ್ಟ್ ಮೇಲೆ ಕಿಡಿಯಾಗಿ ಬೀಳುತ್ತದೆ. ಬಟನ್ ಬೇಗ ಹಾಳಾಗುತ್ತದೆ. ಡಯೋಡ್ ತಿರುವುಮುರುವು ಹಾಕಿದರೆ ನೇರ ಶಾರ್ಟ್. ಬಟನ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ.

ಕೊಪ್ಪಳ ಡಿಪ್ಲೊಮಾ
ಅಣ್ಣಾ, ಒಂದು ಪ್ರಶ್ನೆ. ಎಲ್ಲ ವೈರ್‌ಗೂ ಫ್ಯೂಸ್ ಇರಬೇಕು ಅಂತ ನಮಗೆ ಕಲಿಸುತ್ತಾರೆ. ಈ ದಪ್ಪ ವೈರ್‌ಗೆ ಎಲ್ಲೂ ಫ್ಯೂಸ್ ಇಲ್ಲವಲ್ಲ?

ಸಿಂಧನೂರು ಎಎಂಇ
ಒಳ್ಳೆಯ ಪ್ರಶ್ನೆ ತಂಗಿ. ಸಣ್ಣ ವಿಮಾನಗಳಲ್ಲಿ ಸ್ಟಾರ್ಟರ್‌ನ ದಪ್ಪ ವೈರ್‌ಗೆ ಫ್ಯೂಸ್ ಹಾಕುವ ರೂಢಿ ಇಲ್ಲ. ಮೋಟರ್ ನಿಂತಲ್ಲಿಂದ ಏಳುವಾಗ ಎಳೆಯುವ ಕರೆಂಟ್ ತುಂಬ ದೊಡ್ಡದು. ಅದನ್ನು ತಡೆದುಕೊಳ್ಳುವ ಫ್ಯೂಸ್ ಹಾಕಿದರೆ ಅರೆಬರೆ ಶಾರ್ಟ್ ಆದಾಗ ಅದು ಹೋಗುವುದೇ ಇಲ್ಲ. ಇಲ್ಲಿ ರಕ್ಷಣೆ ಬೇರೆ ತರ. ವೈರ್ ಎಲ್ಲೂ ತಗಡಿನ ಅಂಚಿಗೆ ಉಜ್ಜಬಾರದು. ಸರಿಯಾದ ಅಂತರದಲ್ಲಿ ಕ್ಲಾಂಪ್ ಇರಬೇಕು. ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಇರಬೇಕು. ಇಷ್ಟರ ಮೇಲೆ, ಬ್ಯಾಟರಿ ಬುಡದಲ್ಲೇ ಮಾಸ್ಟರ್ ಕಾಂಟ್ಯಾಕ್ಟರ್.

ಫೈರ್‌ವಾಲ್ ದಾಟುವ ಜಾಗದಲ್ಲಿ ಸಾದಾ ರಬ್ಬರ್ ಗ್ರೊಮೆಟ್ ನಂಬಬೇಡಿ. ಬೆಂಕಿ ಬಿದ್ದರೆ ಮೊದಲು ಕರಗುವುದು ಅದೇ. ಆಮೇಲೆ ಉಳಿಯುವುದು ತೂತು. ಅಲ್ಲಿ ಸ್ಟೀಲ್ ಕವಚ, ಬೆಂಕಿ ತಡೆಯುವ ಸ್ಲೀವ್, ಸೀಲೆಂಟ್ ಬೇಕು.

ಬಟನ್‌ನ ಸಣ್ಣ ವೈರ್‌ಗೆ ಮಾತ್ರ ಫ್ಯೂಸ್ ಬೇಕೇ ಬೇಕು. 5 ಅಥವಾ 7 ಆಂಪ್.

ಗಂಗಾವತಿ ಸೆಲ್ಫ್ ರಿಪೇರಿ
ಅರ್ಥಿಂಗ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ ಅಲ್ವಾ? ಅಂದರೆ ಎಂಜಿನ್‌ಗೂ ಬಾಡಿಗೂ ಕರೆಂಟಿನ ಸಂಬಂಧ ಇಲ್ಲ. ಪಾಸಿಟಿವ್ ವೈರ್‌ನಷ್ಟೇ ದಪ್ಪದ ಅರ್ಥ್ ಪಟ್ಟಿ ಎಂಜಿನ್‌ನ ಕ್ರ್ಯಾಂಕ್‌ಕೇಸ್‌ನಿಂದ ಫೈರ್‌ವಾಲ್‌ಗೆ ಬರಬೇಕು.

ಸಿಂಧನೂರು ಎಎಂಇ
ಹೌದು, ಇದನ್ನು ಎಲ್ಲರೂ ಗಮನಿಸಿ. ಆ ಪಟ್ಟಿ ಇಲ್ಲದಿದ್ದರೆ, ಅಥವಾ ಸಡಿಲವಾದರೆ, 200 ಆಂಪ್ ಬೇರೆ ದಾರಿ ಹುಡುಕುತ್ತದೆ. ಸಿಗುವುದು ಥ್ರಾಟಲ್ ಕೇಬಲ್, ಮಿಕ್ಸ್ಚರ್ (ಗಾಳಿ-ಇಂಧನದ ಬೆರಕೆ ಹೊಂದಿಸುವ) ಕೇಬಲ್. ಆ ಸಣ್ಣ ಉಕ್ಕಿನ ತಂತಿ ಕೆಂಪಗೆ ಕಾಯುತ್ತದೆ. ಒಳಗಿನ ಲೈನಿಂಗ್ ಕರಗಿ ಕೇಬಲ್ ಹಿಡಿದುಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಥ್ರಾಟಲ್ ಹಿಡಿ ಬೆಚ್ಚಗಾಯಿತು ಅಂದರೆ ಅಲ್ಲಿಗೇ ನಿಲ್ಲಿಸಿ, ಅರ್ಥ್ ಪಟ್ಟಿ ನೋಡಿ.

ಫೈರ್‌ವಾಲ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಅಲ್ಯೂಮಿನಿಯಂ ಬಾಡಿಯೇ ದಾರಿ ಆಗಬಹುದು. ಆದರೆ ಪಟ್ಟಿ ಕೂರುವ ಕಡೆ ಪ್ರೈಮರ್, ಬಣ್ಣ ಕೆರೆದು ಲೋಹ ಕಾಣಬೇಕು. ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದಂತೆ ಮುಚ್ಚಿ. ಫೈಬರ್ ಬಾಡಿಯ ವಿಮಾನ ಆಗಿದ್ದರೆ ಈ ಅನುಕೂಲ ಇಲ್ಲ. ಅಲ್ಲಿ ನೆಗೆಟಿವ್‌ಗೂ ದಪ್ಪ ವೈರ್ ಪೂರ್ತಿ ಎಳೆಯಲೇಬೇಕು.

ಶಕ್ತಿನಗರ ಕಾಕಾ
ತಮ್ಮಾ, ಥರ್ಮಲ್ ಪ್ಲಾಂಟಿನಲ್ಲಿ ಕಾಂಟ್ಯಾಕ್ಟರ್‌ಗಳ ಜೊತೆಯೇ ನನ್ನ ನೌಕರಿ ಕಳೆಯಿತು. ನಿನ್ನ ನಕ್ಷೆಯಲ್ಲಿ ಮೋಟರ್ ಹೇಗೆ ಶುರುವಾಗುತ್ತದೆ ಅಂತ ಪೂರ್ತಿ ಇದೆ. ಹೇಗೆ ನಿಲ್ಲುತ್ತದೆ ಅಂತ ಬಟನ್ ಬಿಡೋದೊಂದೇ ಇದೆ. ಬಟನ್ ಬಿಟ್ಟೂ ಕಾಂಟ್ಯಾಕ್ಟರ್ ಬಿಡದಿದ್ದರೆ?

ಆಗುವುದಿಲ್ಲ ಅನ್ನಬೇಡ. ಬ್ಯಾಟರಿ ಅರ್ಧ ಡೌನ್ ಇದೆ ಅಂತ ಇಟ್ಟುಕೋ. ಬಟನ್ ಒತ್ತಿದೆ. ಕಾಂಟ್ಯಾಕ್ಟರ್ ಹಿಡಿಯಿತು. ಮೋಟರ್ ಎಳೆದ ರಭಸಕ್ಕೆ ವೋಲ್ಟೇಜ್ ಬಿತ್ತು. ಕಾಯಿಲ್‌ಗೆ ಶಕ್ತಿ ಸಾಲದೆ ಬಿಟ್ಟಿತು. ಬಿಟ್ಟ ಕೂಡಲೇ ವೋಲ್ಟೇಜ್ ಮೇಲೆದ್ದಿತು, ಮತ್ತೆ ಹಿಡಿಯಿತು. ಹೀಗೆ ಟಕಟಕ ಅಂತ ಸೆಕೆಂಡಿಗೆ ಹಲವು ಸಲ. ಪ್ರತಿ ಸಲವೂ ಕಾಂಟ್ಯಾಕ್ಟ್ ಮೇಲೆ ಕಿಡಿ, ಪ್ರತಿ ಸಲವೂ ತಾಮ್ರ ಸ್ವಲ್ಪ ಕರಗುತ್ತದೆ. ಯಾವುದೋ ಒಂದು ಸಲ ಕರಗಿದ್ದು ಹಾಗೇ ಬೆಸೆದುಕೊಳ್ಳುತ್ತದೆ. ಟಕಟಕ ಅಂದಾಗ ಜನ ಬಟನ್ ಇನ್ನೂ ಜೋರಾಗಿ ಒತ್ತುತ್ತಾರೆ. ತಕ್ಷಣ ಬಿಡಬೇಕು. ಬ್ಯಾಟರಿ ಚಾರ್ಜ್ ಮಾಡಿ ಆಮೇಲೆ ನೋಡಬೇಕು.

ಸಿಂಧನೂರು ಎಎಂಇ
ಕಾಕಾ ಹೇಳಿದ್ದು ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು. ವಿಮಾನದಲ್ಲಿ ಇದರ ಪರಿಣಾಮ ಏನು ಅಂತ ಬಿಡಿಸಿ ಹೇಳುತ್ತೇನೆ.

ಎಂಜಿನ್ ಶುರುವಾದ ಮೇಲೂ ಸ್ಟಾರ್ಟರ್‌ಗೆ ಕರೆಂಟ್ ಹೋಗುತ್ತಿದ್ದರೆ ಮೋಟರ್ ಸುಡುತ್ತದೆ, ಬ್ಯಾಟರಿ ಬರಿದಾಗುತ್ತದೆ. ಎಂಜಿನ್ ಸದ್ದಿನಲ್ಲಿ ನಿಮಗೆ ಏನೂ ಕೇಳಿಸುವುದಿಲ್ಲ. ಬರೀ ಮಾಸ್ಟರ್ ಆಫ್ ಮಾಡಿದರೂ ಸಾಲದು, ಆಲ್ಟರ್ನೇಟರ್ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವುದು) ತನ್ನ ಕಡೆಯಿಂದ ಅದೇ ಸ್ಟಾರ್ಟರ್‌ಗೆ ಕರೆಂಟ್ ಕೊಡುತ್ತಿರಬಹುದು. ಹಾಗಾಗಿ ಮಿಕ್ಸ್ಚರ್ ಎಳೆದು ಎಂಜಿನ್ ನಿಲ್ಲಿಸಿ, ಮ್ಯಾಗ್ನೆಟೊ (ಸ್ಪಾರ್ಕ್ ಪ್ಲಗ್‌ಗೆ ಕಿಡಿ ಹುಟ್ಟಿಸುವ ಸಾಧನ) ಆಫ್, ಆಲ್ಟರ್ನೇಟರ್ ಆಫ್, ಮಾಸ್ಟರ್ ಆಫ್.

ಅದಕ್ಕಿಂತ ಭಯಾನಕ ಇನ್ನೊಂದಿದೆ. ಕಾಂಟ್ಯಾಕ್ಟರ್ ಬೆಸೆದುಕೊಂಡಿದ್ದು ಯಾರಿಗೂ ಗೊತ್ತಾಗಿಲ್ಲ. ಮರುದಿನ ಯಾರೋ ಬರೀ ಲೈಟ್ ನೋಡೋಣ ಅಂತ ಮಾಸ್ಟರ್ ಹಾಕುತ್ತಾರೆ. ಬಟನ್ ಮುಟ್ಟಿಯೇ ಇಲ್ಲ, ಪ್ರೊಪೆಲರ್ ತಿರುಗುತ್ತದೆ. ಮುಂದೆ ಯಾರು ನಿಂತಿದ್ದಾರೆ?

ಆದ್ದರಿಂದ ನಿಮ್ಮ ಪ್ಯಾನೆಲ್‌ನಲ್ಲಿ ಒಂದು ಕೆಂಪು ದೀಪ ಬೇಕು. ಕಾಂಟ್ಯಾಕ್ಟರ್‌ನಲ್ಲಿ ಸ್ಟಾರ್ಟರ್ ಕಡೆಯ ಬೋಲ್ಟ್‌ನಿಂದ ಸಣ್ಣ ವೈರ್, ಬುಡದಲ್ಲೇ ಒಂದು ಸಣ್ಣ ಫ್ಯೂಸ್, ಅಲ್ಲಿಂದ ದೀಪ. ಬಟನ್ ಒತ್ತಿದಾಗ ಹತ್ತಬೇಕು, ಬಿಟ್ಟಾಗ ಆರಬೇಕು. ಕೆಲವು ಕಾಂಟ್ಯಾಕ್ಟರ್‌ಗಳಲ್ಲಿ ಎರಡು ಸಣ್ಣ ಟರ್ಮಿನಲ್ ಇರುತ್ತವೆ, ಎಸ್ ಮತ್ತು ಐ. ಕಾಂಟ್ಯಾಕ್ಟ್ ಮುಚ್ಚಿದಾಗ ಮಾತ್ರ ಐಗೆ ಕರೆಂಟ್ ಬರುತ್ತದೆ. ದೀಪಕ್ಕೆ ಅದನ್ನೇ ಬಳಸಬಹುದು.

ಬಳ್ಳಾರಿ ರೆಕ್ಕೆ
ಕಾಕಾ, ಸರ್, ಇದನ್ನು ಓದಿ ಮೈ ಜುಂ ಅಂದಿತು. ಶೆಡ್‌ಗೆ ಶಾಲೆ ಹುಡುಗರು ನೋಡಲು ಬರುತ್ತಾರೆ. ಎಲ್ಲರೂ ಪ್ರೊಪೆಲರ್ ಪಕ್ಕದಲ್ಲೇ ನಿಲ್ಲುತ್ತಾರೆ. ದೀಪ ಖಂಡಿತ ಹಾಕುತ್ತೇನೆ. ಇವತ್ತಿನಿಂದ ಪ್ರೊಪೆಲರ್ ಸುತ್ತ ಹಗ್ಗ ಕಟ್ಟುತ್ತೇವೆ.

ಸ್ಟಾರ್ಟರ್ ಮೇಲಿನ ಆ ತಾಮ್ರದ ಪಟ್ಟಿ ಹಾಗೇ ಇರಲಾ?

ಸಿಂಧನೂರು ಎಎಂಇ
ತೆಗೆಯಿರಿ. ಕಾರಣ ಸ್ವಲ್ಪ ಉದ್ದ ಇದೆ.

ಬಟನ್ ಬಿಟ್ಟಿರಿ, ಫೈರ್‌ವಾಲ್ ಕಾಂಟ್ಯಾಕ್ಟರ್ ತೆರೆಯಿತು. ಬ್ಯಾಟರಿ ಸಂಬಂಧ ಕಡಿಯಿತು. ಆದರೆ ಮೋಟರ್ ಇನ್ನೂ ತಿರುಗುತ್ತಿದೆ. ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಇರುವುದರಿಂದ ತಿರುಗುವಷ್ಟು ಹೊತ್ತು ಅದು ಜನರೇಟರ್. ಅದು ಹುಟ್ಟಿಸಿದ ವೋಲ್ಟೇಜ್ ಇನ್ನೂ ಮುಚ್ಚಿರುವ ಸೊಲೆನಾಯ್ಡ್ ದಾಟಿ, ನಿಮ್ಮ ತಾಮ್ರದ ಪಟ್ಟಿಯ ಮೂಲಕ ಅದೇ ಸೊಲೆನಾಯ್ಡ್‌ನ ಕಾಯಿಲ್‌ಗೆ ಬರುತ್ತದೆ. ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಬೆಂಡಿಕ್ಸ್ (ಎಂಜಿನ್‌ನ ಹಲ್ಲಿಗೆ ಕೂತು ತಿರುಗಿಸುವ ಸಣ್ಣ ಗೇರ್) ಹಿಂದೆ ಸರಿಯುವುದು ತಡವಾಗುತ್ತದೆ. ಅಷ್ಟರಲ್ಲಿ ಎಂಜಿನ್ ಹಿಡಿದು ವೇಗವಾಗಿ ತಿರುಗುತ್ತಿರುತ್ತದೆ. ಹಲ್ಲು, ಕ್ಲಚ್ ಎರಡೂ ಸವೆಯುತ್ತವೆ. ಹಳೆಯ ಭಾರದ ಸ್ಟಾರ್ಟರ್‌ಗಳ ಮೋಟರ್‌ನಲ್ಲಿ ಮ್ಯಾಗ್ನೆಟ್ ಬದಲು ಫೀಲ್ಡ್ ಕಾಯಿಲ್ ಇದ್ದವು, ಹಾಗಾಗಿ ಅವುಗಳಲ್ಲಿ ಈ ತೊಂದರೆ ಇರಲಿಲ್ಲ.

ಪಟ್ಟಿ ತೆಗೆದ ಮೇಲೆ ಸೊಲೆನಾಯ್ಡ್‌ನ ಸಣ್ಣ ಟರ್ಮಿನಲ್‌ಗೆ ಬೇರೆ ವೈರ್ ಬೇಕು. ಅದನ್ನು ನೇರ ಬಟನ್‌ಗೆ ಕೊಡಬೇಡಿ. ಈ ಸೊಲೆನಾಯ್ಡ್ ಹಿಡಿಯುವ ಕ್ಷಣದಲ್ಲಿ 30-40 ಆಂಪ್ ಎಳೆಯುತ್ತದೆ, ಸಣ್ಣ ಬಟನ್ ಸುಟ್ಟು ಹೋಗುತ್ತದೆ. ಒಂದು 40 ಆಂಪ್ ಆಟೋ ರಿಲೇ ಹಾಕಿ. ಒಂದೇ ಬಟನ್ ಫೈರ್‌ವಾಲ್ ಕಾಂಟ್ಯಾಕ್ಟರ್‌ನ ಕಾಯಿಲ್‌ಗೂ ಈ ರಿಲೇ ಕಾಯಿಲ್‌ಗೂ ಕರೆಂಟ್ ಕೊಡಲಿ. ರಿಲೇಯ ಕಾಂಟ್ಯಾಕ್ಟ್‌ಗೆ ಕರೆಂಟ್ ಕಾಂಟ್ಯಾಕ್ಟರ್‌ನ ಸ್ಟಾರ್ಟರ್ ಕಡೆಯ ಬೋಲ್ಟ್‌ನಿಂದ ತೆಗೆದುಕೊಳ್ಳಿ. ಹಾಗೆ ಮಾಡಿದರೆ ಕ್ರ್ಯಾಂಕ್ ಮಾಡದ (ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸದ) ಹೊತ್ತಿನಲ್ಲಿ ಆ ವೈರ್ ಸತ್ತಿರುತ್ತದೆ.

ಶಕ್ತಿನಗರ ಕಾಕಾ
ಇದು ಚೆನ್ನಾಗಿದೆ. ಇನ್ನೊಂದು ಲಾಭ ನೋಡಿ. ಈಗ ಮೋಟರ್ ತಿರುಗಬೇಕಾದರೆ ಫೈರ್‌ವಾಲ್ ಕಾಂಟ್ಯಾಕ್ಟರೂ ಮುಚ್ಚಬೇಕು, ಸ್ಟಾರ್ಟರ್ ಮೇಲಿನ ಸೊಲೆನಾಯ್ಡೂ ಮುಚ್ಚಬೇಕು. ಒಂದು ಬೆಸೆದುಕೊಂಡರೂ ಇನ್ನೊಂದು ಬಿಡುತ್ತದೆ. ಪಟ್ಟಿ ಇದ್ದಾಗ ಫೈರ್‌ವಾಲಿನದು ಬೆಸೆದರೆ ಸೊಲೆನಾಯ್ಡೂ ಅದರ ಹಿಂದೆಯೇ ಮುಚ್ಚಿಕೊಂಡಿರುತ್ತಿತ್ತು. ಈಗ ಫೈರ್‌ವಾಲಿನದು ಬೆಸೆದರೆ ಪ್ರೊಪೆಲರ್ ತಿರುಗುವುದಿಲ್ಲ, ಕೆಂಪು ದೀಪ ಮಾತ್ರ ಹತ್ತಿರುತ್ತದೆ. ಮಾಸ್ಟರ್ ಹಾಕಿದ ಕೂಡಲೇ ದೀಪ ಹತ್ತಿದರೆ ಅವತ್ತು ಎಂಜಿನ್ ಮುಟ್ಟಬೇಡ. ಕಾಂಟ್ಯಾಕ್ಟರ್ ಬದಲಿಸು.

ಬಳ್ಳಾರಿ ರೆಕ್ಕೆ
ಅರ್ಥ ಆಯಿತು ಕಾಕಾ. ಬಟನ್ ಬದಲು ಮ್ಯಾಗ್ನೆಟೊ ಕೀ ಸ್ವಿಚ್‌ನಲ್ಲೇ ಸ್ಟಾರ್ಟ್ ಇರುವುದು ಸಿಗುತ್ತದೆ. ಯಾವುದು ಒಳ್ಳೆಯದು?

ಸಿಂಧನೂರು ಎಎಂಇ
ಎರಡೂ ನಡೆಯುತ್ತವೆ. ನಿಮ್ಮ ಎಡ ಮ್ಯಾಗ್ನೆಟೊದಲ್ಲಿ ಮಾತ್ರ ಇಂಪಲ್ಸ್ ಕಪ್ಲಿಂಗ್ (ನಿಧಾನವಾಗಿ ತಿರುಗುವಾಗ ಕಿಡಿಯನ್ನು ತಡಮಾಡುವ ಸ್ಪ್ರಿಂಗ್ ಜೋಡಣೆ) ಇದ್ದರೆ ಕ್ರ್ಯಾಂಕ್ ಮಾಡುವಾಗ ಬಲದ್ದು ಆಫ್ ಇರಬೇಕು. ಇಲ್ಲದಿದ್ದರೆ ಬಲದ್ದು ಬೇಗ ಕಿಡಿ ಕೊಟ್ಟು ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹಗುರ ಸ್ಟಾರ್ಟರ್ ಮುರಿಯಲು ಅಂಥ ಒಂದು ಒದೆ ಸಾಕು. ಕೀ ಸ್ವಿಚ್‌ನಲ್ಲಿ ಬಲದ್ದನ್ನು ಅರ್ಥ್ ಮಾಡಲು ಒಂದು ಜಂಪರ್ ಇರುತ್ತದೆ, ಅದು ಇದೆಯಾ ನೋಡಿ. ಟಾಗಲ್ ಸ್ವಿಚ್ ಮತ್ತು ಬಟನ್ ಆದರೆ ನೀವೇ ನೆನಪಿಟ್ಟು ಎಡ ಮಾತ್ರ ಆನ್ ಮಾಡಬೇಕು. ನನಗೆ ಟಾಗಲ್ ಇಷ್ಟ, ಯಾವುದು ಆನ್ ಇದೆ ಅಂತ ಕಣ್ಣಿಗೆ ಕಾಣುತ್ತದೆ.

ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ಅದರಿಂದ ಸ್ವಿಚ್‌ಗೆ ಬರುವ ಪಿ-ಲೀಡ್ ವೈರ್ ಅರ್ಥ್ ಆದಾಗ ಮಾತ್ರ ಅದು ಆಫ್. ಆ ವೈರ್ ಕಡಿದಿದ್ದರೆ ಸ್ವಿಚ್ ಆಫ್ ತೋರಿಸಿದರೂ ಮ್ಯಾಗ್ನೆಟೊ ಜೀವಂತವಾಗಿಯೇ ಇರುತ್ತದೆ. ಕೈಯಲ್ಲಿ ಪ್ರೊಪೆಲರ್ ತಿರುಗಿಸಿದರೂ ಎಂಜಿನ್ ಹಿಡಿಯಬಹುದು.

ರಾಯಚೂರು ಮೈಕ್ರೊಲೈಟ್
ರೋಟ್ಯಾಕ್ಸ್ 912 ಎಂಜಿನ್ ಹಾಕುವವರಿಗೆ ಒಂದು ಮಾತು. ಅದರಲ್ಲಿ ಮ್ಯಾಗ್ನೆಟೊ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಕ್ರ್ಯಾಂಕ್ ವೇಗ 220 ಆರ್‌ಪಿಎಂ ದಾಟದಿದ್ದರೆ ಕಿಡಿಯೇ ಬರುವುದಿಲ್ಲ. ಹಾಗಾಗಿ ತೆಳು ವೈರ್, ಸುಸ್ತಾದ ಬ್ಯಾಟರಿ ಅಲ್ಲಿ ನೇರವಾಗಿ ಕಾಡುತ್ತವೆ. ಸ್ಟಾರ್ಟರ್ ಒಂದು ಸಲಕ್ಕೆ 10 ಸೆಕೆಂಡ್, ಆಮೇಲೆ 2 ನಿಮಿಷ ಬಿಡುವು. ಇದು ಕಂಪನಿಯ ಕೈಪಿಡಿಯಲ್ಲೇ ಇದೆ. ಬಿಸಿಲಲ್ಲಿ ಇಂಧನ ಆವಿಯಾಗಿ ಎಂಜಿನ್ ಹಿಡಿಯದಿದ್ದಾಗ ಜನ ಸುಮ್ನೆ ಬಟನ್ ಒತ್ತುತ್ತಲೇ ಇರುತ್ತಾರೆ. ಸ್ಟಾರ್ಟರ್ ಸುಡುವುದು ಆಗಲೇ.

ಬಳ್ಳಾರಿ ರೆಕ್ಕೆ
ಎಲ್ಲರ ಮಾತಿನಂತೆ ವೈರಿಂಗ್ ಮಾಡಿದೆವು. ಮಾಸ್ಟರ್ ಕಾಂಟ್ಯಾಕ್ಟರ್ ಬ್ಯಾಟರಿ ಪಕ್ಕಕ್ಕೆ ಹೋಯಿತು. 35 ಚದರ ಮಿ.ಮೀ. ವೈರ್. ತಾಮ್ರದ ಪಟ್ಟಿ ತೆಗೆದು ರಿಲೇ ಹಾಕಿದೆವು. ಕೆಂಪು ದೀಪ ಕಣ್ಣಿನ ನೇರಕ್ಕೆ ಇದೆ. ಗಂಗಾವತಿ ಅಣ್ಣ ತಾವೇ ಕೂತು ಕ್ರಿಂಪಿಂಗ್ ಮಾಡಿಕೊಟ್ಟರು, ತುಂಬ ಉಪಕಾರ ಆಯಿತು.

ಪರೀಕ್ಷೆಗೆ ಎರಡೂ ಮ್ಯಾಗ್ನೆಟೊ ಆಫ್, ಇಂಧನ ಬಂದ್, ಎಲ್ಲ ಸ್ಪಾರ್ಕ್ ಪ್ಲಗ್ ಹೊರಗೆ, ಗಾಲಿಗೆ ಕಲ್ಲು, ಬಾಲಕ್ಕೆ ಹಗ್ಗ. ಪ್ರೊಪೆಲರ್ ಹತ್ತಿರ ಯಾರೂ ಇಲ್ಲ. ಮೊದಲು ಬರೀ ಮಾಸ್ಟರ್ ಹಾಕಿದೆವು, ದೀಪ ಹತ್ತಲಿಲ್ಲ. ಬಟನ್ ಒತ್ತಿದಾಗ ಹತ್ತಿತು. ಬಿಟ್ಟ ಕೂಡಲೇ ಆರಿತು, ಬೆಂಡಿಕ್ಸ್ ಟಕ್ ಅಂತ ಹಿಂದೆ ಬಂತು. ಕ್ರ್ಯಾಂಕ್ ಮಾಡುವಾಗ ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಸ್ಟಾರ್ಟರ್ ಬೋಲ್ಟ್‌ಗೆ ಹಿಡಿದೆವು. 0.4 ವೋಲ್ಟ್. ಸ್ಟಾರ್ಟರ್ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ 0.2 ವೋಲ್ಟ್.

ಸಿಂಧನೂರು ಎಎಂಇ
ಒಳ್ಳೆಯ ಅಂಕಿಗಳು. ಪ್ಲಗ್ ಹೊರಗಿದ್ದಾಗ ಕಂಪ್ರೆಷನ್ ಇಲ್ಲ, ಕರೆಂಟ್ ಕಡಿಮೆ. ಹಾಗಾಗಿ ಪ್ಲಗ್ ಹಾಕಿ, ಅವುಗಳ ವೈರ್ ಬಿಚ್ಚಿ ಕಟ್ಟಿಟ್ಟು ಇನ್ನೊಮ್ಮೆ ಅಳೆಯಿರಿ. ಎರಡೂ ಕಡೆ ಸೇರಿ ಒಂದು ವೋಲ್ಟ್ ಒಳಗಿದ್ದರೆ ನನಗೆ ಸಮಾಧಾನ. ಜಾಸ್ತಿ ಬಂದರೆ ಒಂದೊಂದೇ ಜಾಯಿಂಟ್ ಮೇಲೆ ಮೀಟರ್ ಹಿಡಿದು ಹುಡುಕಿ, ಸಾಮಾನ್ಯವಾಗಿ ಎಲ್ಲವೂ ಒಂದೇ ಜಾಗದಲ್ಲಿ ಹೋಗುತ್ತಿರುತ್ತದೆ.

ನಕ್ಷೆಯನ್ನು ಈಗಲೇ ಹೊಸದಾಗಿ ಬರೆದಿಡಿ. ಪ್ರತಿ ವೈರ್‌ಗೆ ನಂಬರ್, ದಪ್ಪ, ಫ್ಯೂಸ್ ಎಷ್ಟು ಅಂತ. ಫೋಟೊ ತೆಗೆಯಿರಿ. ಹಾರುವ ಮೊದಲು ಡಿಜಿಸಿಎ (ವಿಮಾನಯಾನ ನಿಯಂತ್ರಣ ಸಂಸ್ಥೆ) ಅನುಮತಿಗೆ ಕಾಗದ ಪತ್ರ ಎಲ್ಲ ಬೇಕಾಗುತ್ತದೆ. ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಎಷ್ಟೋ ವರ್ಷ ಓಡಾಡಿದ ಮೇಲೆ. ದಾರಿ ಉದ್ದ ಇದೆ, ದಾಖಲೆ ಗಟ್ಟಿ ಇರಲಿ.

ಕೊಪ್ಪಳ ಡಿಪ್ಲೊಮಾ
ಅಣ್ಣಾ, ಪ್ಲಗ್ ಹಾಕಿ ಅಳೆಯುವ ದಿನ ನಾವು ಮೂರು ಜನ ಬರಬಹುದಾ? ಮೀಟರ್ ನಾವೇ ತರುತ್ತೇವೆ.

ಬಳ್ಳಾರಿ ರೆಕ್ಕೆ
ಖಂಡಿತ ಬನ್ನಿ ತಂಗಿ. ಭಾನುವಾರ ಬೆಳಿಗ್ಗೆ 7ಕ್ಕೆ ಶುರು ಮಾಡುತ್ತೇವೆ, ಬಿಸಿಲು ಏರುವ ಮೊದಲೇ ಮುಗಿಸಬೇಕು. ಹಗ್ಗದ ಈಚೆ ನಿಂತರೆ ಮೀಟರ್ ಚೆನ್ನಾಗಿ ಕಾಣುವಂತೆ ಉದ್ದ ವೈರ್ ಹಾಕಿಡುತ್ತೇನೆ.